ಕಾಲುವೆ ದಂಡೆಯಲ್ಲಿ ನಡೆಯುವಾಗ ಎದುರು ದಂಡೆ ನೋಡಿ

ಪ್ರಶ್ನೆ: ನಾನು ತಿಪಟೂರಿನವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು, ಅಳಿಯ ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿದ್ದಾರೆ. ನಾನೂ ನನ್ನ ಹೆಂಡತಿಯೂ ಮೇ ತಿಂಗಳಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿರುತ್ತೇವೆ. ಅಲ್ಲಿಂದ ಕೆನೆಟ್–ಏವನ್ ಕಾಲುವೆ ಶುರುವಾಗುತ್ತದಂತೆ, ಪಾಳುಬಿದ್ದಿದ್ದನ್ನು ಮತ್ತೆ ಸರಿಮಾಡಿದ್ದಾರಂತೆ. ದುರಸ್ತಿ ಅಂದಮೇಲೆ ಎಲ್ಲ ಸಿಮೆಂಟ್ ಮಾಡಿರುವುದಿಲ್ಲವೇ? ಅಲ್ಲಿ ಹಕ್ಕಿ, ಪ್ರಾಣಿ ನಿಜವಾಗಿ ಕಾಣುತ್ತವೆಯೇ? ನನಗೆ ಮಿಂಚುಳ್ಳಿ ನೋಡುವಾಸೆ. ಹೆಂಡತಿಗೆ ಮಂಡಿನೋವು, ಹತ್ತಿ ಇಳಿಯುವುದು ಕಷ್ಟ. 7 ವರ್ಷದ ಮೊಮ್ಮಗಳೂ ಜೊತೆಗಿರುತ್ತಾಳೆ, ಬಾತುಕೋಳಿಗೆ ಬ್ರೆಡ್ ಹಾಕಬೇಕು ಅನ್ನುತ್ತಿದ್ದಾಳೆ. ಎಲ್ಲಿ, ಯಾವಾಗ, ಹೇಗೆ ನಡೆಯಬೇಕು ತಿಳಿಸಿ.

ಉತ್ತರ: ಮೇಷ್ಟ್ರೇ, ಸಿಮೆಂಟಿನ ವಿಷಯದಿಂದಲೇ ಶುರು ಮಾಡುತ್ತೇನೆ. ಎಲ್ಲಿ ನಿಂತು ಯಾವ ಕಡೆ ನೋಡಬೇಕು ಅನ್ನುವುದಕ್ಕೂ ಅದಕ್ಕೂ ನೇರ ಸಂಬಂಧ ಇದೆ.

ನಿಮಗೆ ಕಾಲುವೆ ಅಂದ ಕೂಡಲೇ ಹೇಮಾವತಿ ನಾಲೆ ನೆನಪಾಗಿರಬೇಕು. ಅದು ತೋಟಕ್ಕೆ, ಕೆರೆಗೆ ನೀರು ಕೊಡುವ ನಾಲೆ. ನೀರು ಸೋರಬಾರದು, ಬೇಗ ಮುಂದಕ್ಕೆ ಹೋಗಬೇಕು, ಅದಕ್ಕೇ ಸಿಮೆಂಟ್ ಲೈನಿಂಗ್. ಕೆನೆಟ್–ಏವನ್ ಕಾಲುವೆಯ ಕೆಲಸವೇ ಬೇರೆ. ಅದನ್ನು ತೋಡಿದ್ದು ದೋಣಿಗಳಿಗಾಗಿ, ಸರಕು ಸಾಗಿಸುವುದಕ್ಕಾಗಿ. ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ತಳಕ್ಕೆ ಜೇಡಿಮಣ್ಣನ್ನು ಚೆನ್ನಾಗಿ ತುಳಿದು, ಹದ ಮಾಡಿ ಮೆತ್ತಿದ್ದಾರೆ. ನಿಂತ ನೀರು, ಮಣ್ಣಿನ ತಳ, ಅಂಚಿನಲ್ಲಿ ಜೊಂಡು: ಇವಿಷ್ಟು ಇದ್ದರೆ ಜೀವಿಗಳು ತಾವಾಗೇ ಬಂದು ಸೇರುತ್ತವೆ.

ರೀಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ ಈ ಜಲಮಾರ್ಗ ಸುಮಾರು 140 ಕಿಲೋಮೀಟರ್ ಉದ್ದ. ಪೂರ್ವದ ತುದಿಯಲ್ಲಿ ಕೆನೆಟ್ ನದಿ, ಪಶ್ಚಿಮದ ತುದಿಯಲ್ಲಿ ಏವನ್ ನದಿ. ನ್ಯೂಬರಿಯಿಂದ ಬಾತ್‌ವರೆಗಿನ ಸುಮಾರು 92 ಕಿಲೋಮೀಟರ್ ಮಾತ್ರ ಹೊಸದಾಗಿ ತೋಡಿದ್ದು. ಜಾನ್ ರೆನ್ನಿ ಅನ್ನುವ ಎಂಜಿನಿಯರ್ ನೇತೃತ್ವದಲ್ಲಿ 1794ರಲ್ಲಿ ಕೆಲಸ ಶುರುವಾಗಿ 1810ರಲ್ಲಿ ಮುಗಿಯಿತು. ಮೂವತ್ತೇ ವರ್ಷದಲ್ಲಿ, 1841ಕ್ಕೆ, ಲಂಡನ್–ಬ್ರಿಸ್ಟಲ್ ರೈಲು ಬಂತು. 1852ರಲ್ಲಿ ಆ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯೇ ಕಾಲುವೆಯನ್ನು ಕೊಂಡುಕೊಂಡಿತು. ಅಲ್ಲಿಂದ ಮುಂದಕ್ಕೆ ಅದನ್ನು ಕೇಳುವವರಿಲ್ಲ. ಲಾಕ್‌ಗಳ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲುಕಟ್ಟೆಗಳ) ಮರದ ಬಾಗಿಲು ಕೊಳೆತವು, ಹೂಳು ತುಂಬಿತು, ಕೆಲವು ಕಡೆ ನೀರೇ ಒಣಗಿತು. 1950ರ ದಶಕದ ಹೊತ್ತಿಗೆ ಪೂರ್ತಿ ಮುಚ್ಚಿಬಿಡಬೇಕು ಅನ್ನುವ ಮಾತು ಬಂದಾಗ ಜನ ಎದ್ದುನಿಂತರು. 20,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯನ್ನು 1956ರಲ್ಲಿ ರಾಣಿಗೆ ಕಳಿಸಿದರು, ಅದನ್ನು ಲಂಡನ್‌ಗೆ ಒಯ್ದದ್ದೂ ನೀರಿನ ಮೇಲೇ. 1962ರಲ್ಲಿ ಕೆನೆಟ್ ಅಂಡ್ ಏವನ್ ಕೆನಾಲ್ ಟ್ರಸ್ಟ್ ಹುಟ್ಟಿತು. ಆಮೇಲೆ ವರ್ಷಗಟ್ಟಲೆ ಸ್ವಯಂಸೇವಕರು ವಾರದ ಕೊನೆಯ ರಜೆಯಲ್ಲಿ ಬಂದು ಕೆಸರು ಎತ್ತಿದರು, ಇಟ್ಟಿಗೆ ಕಟ್ಟಿದರು, ದುಡ್ಡು ಕೂಡಿಸಿದರು. 1990ರ ಆಗಸ್ಟ್ 8ರಂದು ಎರಡನೇ ಎಲಿಜಬೆತ್ ರಾಣಿ ಬಂದು ಕಾಲುವೆಯನ್ನು ಮತ್ತೆ ತೆರೆದರು. 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತಿದೆ. ಊರಿನ ಜನ ಹಟ ಹಿಡಿದು ಒಂದು ಜಲಮಾರ್ಗವನ್ನು ಉಳಿಸಿಕೊಂಡ ಕಥೆ ಇದು. ಆ ದಂಡೆಯಲ್ಲಿ ನಡೆಯುವವರು ಇಷ್ಟನ್ನಾದರೂ ತಿಳಿದಿರಬೇಕು ಅಂತ ನನ್ನಾಸೆ.

ಹಾಗಾದರೆ ಸಿಮೆಂಟ್ ಇಲ್ಲವೇ? ಇದೆ. ಬಾತ್ ಊರಿಗೆ ಹತ್ತಿರ, ಏವನ್ ಕಣಿವೆಯ ಇಳಿಜಾರಿನಲ್ಲಿ ಕಾಲುವೆ ಹಾದುಹೋಗುವ ಕಡೆ ಮಣ್ಣು ಜಾರುತ್ತಿತ್ತು, ನೀರು ನಿಲ್ಲುತ್ತಿರಲಿಲ್ಲ. ಅಲ್ಲಿ ಕಾಂಕ್ರೀಟ್, ಪಾಲಿಥಿನ್ ಹಾಳೆ ಹಾಕಿ ತಳ ಮಾಡಿದ್ದಾರೆ. ಉಳಿದ ಬಹಳಷ್ಟು ಕಡೆ ಹಳೆಯ ಜೇಡಿಮಣ್ಣೇ. ತಳಕ್ಕಿಂತ ನೀವು ಗಮನಿಸಬೇಕಾದದ್ದು ಅಂಚನ್ನು.

ನೀವು ನಡೆಯುವ ದಾರಿಗೆ ಅಲ್ಲಿ ಟೋಪಾತ್ ಅನ್ನುತ್ತಾರೆ. ಹಿಂದೆ ಕುದುರೆಗಳು ದೋಣಿಗೆ ಹಗ್ಗ ಕಟ್ಟಿ ಎಳೆಯುತ್ತಾ ನಡೆದ ದಾರಿ ಅದು, ಹಾಗಾಗಿ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಆ ಬದಿಯ ಅಂಚಿಗೆ ಹಲವು ಕಡೆ ಕಬ್ಬಿಣದ ತಗಡು ಹೊಡೆದು ಗಟ್ಟಿಮಾಡಿರುತ್ತಾರೆ. ಜನ, ಸೈಕಲ್, ನಾಯಿ ಎಲ್ಲ ಓಡಾಡುವುದೂ ಅಲ್ಲೇ. ಎದುರು ದಂಡೆಯಲ್ಲಿ ಇವ್ಯಾವುದೂ ಇಲ್ಲ. ಹೊಲದ ಬೇಲಿ, ಬಾಗಿದ ಮರ, ಜೊಂಡು, ಕುಸಿದ ಮಣ್ಣು. ಮಿಂಚುಳ್ಳಿ ಕೂರುವ ಕೊಂಬೆ, ನೀರುಕೋಳಿ ಗೂಡು, ವಾಟರ್ ವೋಲ್ ಅನ್ನುವ ಇಲಿಯಂಥ ಪ್ರಾಣಿಗಳ ಬಿಲ, ಎಲ್ಲ ಜಾಸ್ತಿ ಸಿಗುವುದು ಆ ಕಡೆಗೇ. ಹೊಸಬರು ಹೆಜ್ಜೆ ನೋಡಿಕೊಂಡು, ತಮ್ಮ ಕಾಲಬುಡದ ನೀರು ನೋಡಿಕೊಂಡು ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಎದುರು ದಂಡೆಯಲ್ಲಿ ನೀರೂ ಮಣ್ಣೂ ಸೇರುವ ಗೆರೆ ಇರುತ್ತದಲ್ಲ, ಅದರ ಮೇಲೆ ಕಣ್ಣಿಟ್ಟು ನಿಧಾನ ನಡೆಯಿರಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ತಿಪಟೂರಿನವರಾದ್ದರಿಂದ ನಿಮಗೆ ಇನ್ನೊಂದನ್ನು ಹೇಳಲೇಬೇಕು. ಅಂಚು ಕುಸಿಯದಂತೆ ತಗಡು ಹೊಡೆಯುವ ಬದಲು, ಇಂಗ್ಲೆಂಡಿನ ಕಾಲುವೆಗಳಲ್ಲಿ ಈಗೀಗ ತೆಂಗಿನ ನಾರಿನ ದಪ್ಪ ಸುರುಳಿಗಳನ್ನು ಗೂಟ ಹೊಡೆದು ಕೂರಿಸುತ್ತಾರೆ. ಅದರಲ್ಲೇ ನೀರುಗಿಡಗಳನ್ನು ನೆಟ್ಟಿರುತ್ತಾರೆ. ಬೇರು ಇಳಿದು ಮಣ್ಣು ಹಿಡಿಯುವ ಹೊತ್ತಿಗೆ ನಾರು ಮೆಲ್ಲಗೆ ಕೊಳೆತು ಹೋಗುತ್ತದೆ, ದಂಡೆ ಮೆತ್ತಗೆ ಉಳಿಯುತ್ತದೆ, ಬಿಲ ತೋಡುವ ಪ್ರಾಣಿಗೆ ಜಾಗ ಸಿಗುತ್ತದೆ. ನೀರಿನಂಚಿನಲ್ಲಿ ಕಂದು ನಾರು ಇಣುಕುವುದು ಕಂಡರೆ ಅಲ್ಲೊಂದು ನಿಮಿಷ ನಿಲ್ಲಿ.

ಕಾಲುವೆ ದುರಸ್ತಿಯಾದರೆ ಜೀವಿಗಳಿಗೆಲ್ಲ ಒಳ್ಳೆಯದೇ ಆಗುತ್ತದೆ ಅಂತ ತಿಳಿಯಬೇಡಿ. ದೋಣಿ ಓಡಾಡದೆ ಬಿಟ್ಟ ಕಾಲುವೆಯಲ್ಲಿ ಮೊದಲು ನೀರುಗಿಡ ಹುಲುಸಾಗಿ ಬೆಳೆಯುತ್ತದೆ, ಆಮೇಲೆ ಹೂಳು ತುಂಬಿ ಕೊನೆಗೆ ಒಣ ಪೊದೆಯಾಗುತ್ತದೆ. ದೋಣಿ ಓಡಾಡಿದರೆ ನೀರು ಉಳಿಯುತ್ತದೆ, ಆದರೆ ಕೆಸರು ಕದಡಿ ತಳಕ್ಕೆ ಬೆಳಕು ಹೋಗುವುದಿಲ್ಲ. ಕೆನೆಟ್ ನದಿ ಸುಣ್ಣಕಲ್ಲಿನ ನೆಲದಿಂದ ಉಕ್ಕುವ ತಿಳಿನೀರಿನ ಹೊಳೆ. ಕಾಲುವೆಯ ಕದಡಿದ ನೀರು ಅದಕ್ಕೆ ಸೇರುವ ಕಡೆಗಳಲ್ಲಿ ಹೊಳೆ ಮಬ್ಬಾಗುತ್ತದೆ, ನದಿಯ ಪರವಾಗಿರುವವರಿಗೆ ಇದು ಹಳೆಯ ಬೇಸರ. ವೇಲ್ಸ್‌ನ ಮಾಂಟ್‌ಗಮರಿ ಕಾಲುವೆಯಲ್ಲಿ ಅಪರೂಪದ ತೇಲುವ ಗಿಡವೊಂದನ್ನು ಉಳಿಸಲು ದೋಣಿ ಬಾರದ ಬೇರೆ ಕೊಳಗಳನ್ನೇ ಮಾಡಿದ್ದಾರೆ. ನನ್ನ ಕೇಳಿದರೆ ಕಾಲುವೆಗೆ ದೋಣಿಯೂ ಬೇಕು, ದೋಣಿ ಹೋಗದ ಮೂಲೆಗಳೂ ಬೇಕು. ನಡೆಯುವವರು ಹುಡುಕಬೇಕಾದದ್ದು ಆ ಮೂಲೆಗಳನ್ನು.

ಈಗ ಎಲ್ಲಿ ಅನ್ನುವುದು. ರೀಡಿಂಗ್‌ನಿಂದ ಪಶ್ಚಿಮಕ್ಕೆ ಹೋಗುವ ರೈಲು ಮಾರ್ಗ ಕಾಲುವೆಯ ಪಕ್ಕಪಕ್ಕದಲ್ಲೇ ಇದೆ. ಥೀಲ್, ಆಲ್ಡರ್‌ಮಾಸ್ಟನ್, ಥ್ಯಾಚಮ್, ನ್ಯೂಬರಿ, ಕಿಂಟ್‌ಬರಿ, ಹಂಗರ್‌ಫರ್ಡ್, ಬೆಡ್ವಿನ್, ಎಲ್ಲ ಸ್ಟೇಷನ್‌ಗಳಿಂದಲೂ ನೀರಿನ ಹತ್ತಿರ ನಡೆದೇ ಹೋಗಬಹುದು. ನಿಮಗಿಬ್ಬರಿಗೂ 60 ದಾಟಿದ್ದರೆ ಸೀನಿಯರ್ ರೇಲ್‌ಕಾರ್ಡ್ ಮಾಡಿಸಿಕೊಳ್ಳಿ, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ವಾರದ ದಿನಗಳ ಬೆಳಗಿನ ದಟ್ಟಣೆಯಲ್ಲಿ ಅದಕ್ಕೆ ನಿರ್ಬಂಧ ಇರುತ್ತದೆ, ಕೇಳಿಕೊಂಡು ಹೊರಡಿ. ಒಂದು ಸ್ಟೇಷನ್‌ನಲ್ಲಿ ಇಳಿದು, ಮುಂದಿನದಕ್ಕೆ ನಡೆದು, ಅಲ್ಲಿ ರೈಲು ಹತ್ತಿ ವಾಪಸ್ ಬರುವುದು ಮಂಡಿನೋವಿನವರಿಗೆ ತುಂಬಾ ಅನುಕೂಲ. ಬಂದ ದಾರಿಯಲ್ಲೇ ತಿರುಗಿ ನಡೆಯುವ ಕಷ್ಟವಿಲ್ಲ.

ಮೊದಲ ವಾರ ದೂರ ಹೋಗಬೇಡಿ. ರೀಡಿಂಗ್‌ನಲ್ಲೇ ಕೆನೆಟ್ ಹಿಡಿದು ದಕ್ಷಿಣಕ್ಕೆ ಹೋದರೆ ಫಾಬ್ನಿ ಲಾಕ್ ಸಿಗುತ್ತದೆ, ಪಕ್ಕದಲ್ಲೇ ಫಾಬ್ನಿ ದ್ವೀಪದ ಜೌಗುನೆಲ. ಊರಿನ ಗದ್ದಲ ಕೇಳಿಸುವಷ್ಟು ಹತ್ತಿರ, ಆದರೂ ಹಕ್ಕಿಗಳಿಗೆ ಕೊರತೆ ಇಲ್ಲ. ನಡೆಯುವ ಅಭ್ಯಾಸಕ್ಕೆ ಅದು ಸಾಕು.

ಒಂದೇ ಒಂದು ದಾರಿ ಹೇಳಿ ಅಂದರೆ ನಾನು ಹೇಳುವುದು ಕಿಂಟ್‌ಬರಿಯಿಂದ ಹಂಗರ್‌ಫರ್ಡ್. ಸುಮಾರು 5 ಕಿಲೋಮೀಟರ್. ಎರಡೂ ಕಡೆ ಸ್ಟೇಷನ್, ನೆಲ ಸಮತಟ್ಟು. ಲಾಕ್ ಇರುವಲ್ಲಿ ಮಾತ್ರ ಸ್ವಲ್ಪ ಏರು, ಅದೂ ಕೆಲವೇ ಹೆಜ್ಜೆ. ಒಂದು ಬದಿಗೆ ಕಾಲುವೆ, ಅದರ ಆಚೀಚೆ ಕೆನೆಟ್ ನದಿಯ ಸೀಳುಗಳು, ಹುಲ್ಲುಗಾವಲು. ಹಂಗರ್‌ಫರ್ಡ್ ತಲುಪಿದ ಮೇಲೂ ಕಾಲಲ್ಲಿ ಶಕ್ತಿ ಇದ್ದರೆ ಊರು ದಾಟಿ ಇನ್ನೊಂದು ಸ್ವಲ್ಪ ಪಶ್ಚಿಮಕ್ಕೆ ಹೋಗಿ. ಫ್ರೀಮನ್ಸ್ ಮಾರ್ಷ್ ಅನ್ನುವ ಸಂರಕ್ಷಿತ ಜೌಗು ಹುಲ್ಲುಗಾವಲು ಸಿಗುತ್ತದೆ. ಅಲ್ಲಿಯ ಲಾಕ್‌ಗೆ ಒಂದು ವಿಶೇಷ: ದನ ದಾಟಲೆಂದು ಮಾಡಿದ ತಿರುಗು ಸೇತುವೆ ಲಾಕ್‌ನ ನೆತ್ತಿಯ ಮೇಲೇ ಇದೆ. ದೋಣಿ ಬಂದರೆ ಮೊದಲು ಸೇತುವೆ ತಿರುಗಿಸಿ ಆಮೇಲೆ ಲಾಕ್ ತುಂಬಬೇಕು. ಮೊಮ್ಮಗಳು ಅಲ್ಲಿಂದ ಕದಲುವುದಿಲ್ಲ, ನೋಡುತ್ತಿರಿ.

ಬೆಡ್ವಿನ್ ಸ್ಟೇಷನ್‌ನಿಂದ ಕ್ರಾಫ್ಟನ್‌ಗೆ ಹೋಗಿಬರುವುದು ಇನ್ನೊಂದು ಒಳ್ಳೆಯ ದಿನ. ಕಾಲುವೆ ಗುಡ್ಡ ಹತ್ತಿ ಇಳಿಯುವ ಎತ್ತರದ ಜಾಗ ಅದರ ಹತ್ತಿರವೇ ಇದೆ. ಪ್ರತಿ ದೋಣಿ ದಾಟುವಾಗಲೂ ಮೇಲಿನ ನೀರು ಕೆಳಕ್ಕೆ ಇಳಿದುಹೋಗುತ್ತದೆ, ಮತ್ತೆ ಮೇಲಕ್ಕೆ ಎತ್ತಲೇಬೇಕು. ಅದಕ್ಕಾಗಿ ಕಟ್ಟಿದ ಪಂಪ್‌ಹೌಸ್‌ನಲ್ಲಿ 1812ರ ಬೌಲ್ಟನ್ ಅಂಡ್ ವಾಟ್ ಉಗಿ ಎಂಜಿನ್ ಇವತ್ತಿಗೂ ಅದೇ ಜಾಗದಲ್ಲಿ ಓಡುವ ಸ್ಥಿತಿಯಲ್ಲಿದೆ. ದಿನನಿತ್ಯದ ಕೆಲಸ ಕರೆಂಟ್ ಪಂಪ್ ಮಾಡುತ್ತದೆ, ಎಂಜಿನ್‌ಗೆ ಬೆಂಕಿ ಹಾಕುವುದು ಆಯ್ದ ದಿನಗಳಲ್ಲಿ, ವಿಚಾರಿಸಿ ಹೋಗಿ. ಕಾಲುವೆಯ ಇನ್ನೊಂದು ಬದಿಗೆ ವಿಲ್ಟನ್ ವಾಟರ್ ಅನ್ನುವ ಕೆರೆ. ಕಾಲುವೆಗೆ ನೀರುಣಿಸಲು ಮಾಡಿದ್ದು, ಈಗ ನೀರುಹಕ್ಕಿಗಳ ಬೀಡು.

ಬಾತ್ ಕಡೆಗೆ ಹೋದರೆ ಬ್ರಾಡ್‌ಫರ್ಡ್ ಆನ್ ಏವನ್‌ನಿಂದ ಏವನ್‌ಕ್ಲಿಫ್‌ವರೆಗೆ ನಡೆಯಿರಿ, 2 ಕಿಲೋಮೀಟರ್ ಚಿಲ್ಲರೆ. ಕೆಳಗೆ ನದಿ, ಮೇಲೆ ಕಲ್ಲಿನ ಕಮಾನಿನ ಸೇತುವೆಯಲ್ಲಿ ಕಾಲುವೆ. ಏವನ್‌ಕ್ಲಿಫ್ ಸಣ್ಣ ಸ್ಟೇಷನ್, ಅಲ್ಲಿ ಕೈ ತೋರಿಸಿದರೆ ಮಾತ್ರ ರೈಲು ನಿಲ್ಲುತ್ತದೆ. ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳು ಸೇರಿ ದೋಣಿಯನ್ನು 72 ಮೀಟರ್ ಎತ್ತರಕ್ಕೆ ಏರಿಸುತ್ತವೆ, ಅದರಲ್ಲಿ 16 ಒಂದೇ ಸಾಲಿನಲ್ಲಿವೆ. ನೋಡಲೇಬೇಕಾದ ಜಾಗವೇ, ಆದರೆ ಅಲ್ಲಿಗೆ ರೈಲಿಲ್ಲ, ಏರು ಇದೆ. ಅಳಿಯಂದಿರ ಕಾರಿನಲ್ಲಿ ಹೋಗಿ ಮೇಲಿನಿಂದ ಕೆಳಕ್ಕೆ ನಿಧಾನ ಇಳಿಯಿರಿ, ಕೆಳಗೆ ಕಾರು ಬರಲಿ. ಆ ಸಾಲಿನ ಲಾಕ್‌ಗಳ ಪಕ್ಕ ನೀರು ಕೂಡಿಡುವ ದೊಡ್ಡ ಹೊಂಡಗಳಿವೆ. ದೋಣಿ ಹೋಗದ ಮೂಲೆ ಅಂದೆನಲ್ಲ, ಅವು ಅಂಥವು. ಬಿಸಿಲಿದ್ದರೆ ಏರೋಪ್ಲೇನ್ ಚಿಟ್ಟೆಗಳು ತುಂಬಿರುತ್ತವೆ.

ಇನ್ನು ನಿಮ್ಮ ಮಿಂಚುಳ್ಳಿ. ಬ್ರಿಟನ್ನಿನಲ್ಲಿರುವುದು ಒಂದೇ ಜಾತಿಯ ಮಿಂಚುಳ್ಳಿ, ಅದು ನಮ್ಮ ಕೆರೆ ಹಳ್ಳಗಳ ಪುಟ್ಟ ನೀಲಿ ಮಿಂಚುಳ್ಳಿಯೇ. ನಮ್ಮಲ್ಲಿ ಕರೆಂಟ್ ತಂತಿಯ ಮೇಲೆ ಕೂರುವ ಬಿಳಿ ಎದೆಯ ದೊಡ್ಡದಿದೆಯಲ್ಲ, ಅದು ಅಲ್ಲಿಲ್ಲ. ತಂತಿ ನೋಡಿ ಪ್ರಯೋಜನವಿಲ್ಲ, ನೀರಿಗೆ ಬಾಗಿದ ಕೊಂಬೆ ನೋಡಿ. ನೀರಿನಿಂದ ಒಂದೆರಡು ಮೀಟರ್ ಎತ್ತರದಲ್ಲಿ, ನೆರಳಿನಲ್ಲಿ ಕೂತಿರುತ್ತದೆ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬಣ್ಣ ಅಷ್ಟು ಗಾಢ ಇದ್ದರೂ ನೆರಳಲ್ಲಿ ಕೂತರೆ ಕಾಣುವುದು ಕಷ್ಟ. ಅದಕ್ಕೇ ಕಣ್ಣಿಗಿಂತ ಮೊದಲು ಕಿವಿ ಕೆಲಸ ಮಾಡಬೇಕು. ಚೀ… ಚೀ… ಅಂತ ತೀರಾ ಚೂಪಾದ ಸಿಳ್ಳೆ ಕೇಳಿದ ಕೂಡಲೇ ನೀರಿನ ಮಟ್ಟಕ್ಕೆ ಕಣ್ಣು ಹಾಯಿಸಿ. ಕಾಲುವೆಯ ನಡುವೆ, ನೀರಿಗೆ ತಾಗುವಷ್ಟು ಕೆಳಗೆ, ನೇರ ಗೆರೆ ಎಳೆದಂತೆ ಹಾರಿಹೋಗುತ್ತದೆ. ನೀವು ತಿರುಗುವಷ್ಟರಲ್ಲಿ ಬೆನ್ನಿನ ನೀಲಿ ಮಾತ್ರ ಕಂಡಿರುತ್ತದೆ.

ಬೇಸರ ಮಾಡಿಕೊಂಡು ಬೆನ್ನಟ್ಟಬೇಡಿ. ಒಂದು ಜೋಡಿಗೆ ಕನಿಷ್ಠ ಒಂದು ಕಿಲೋಮೀಟರ್ ದಂಡೆ ತನ್ನದು ಅಂತ ಇರುತ್ತದೆ. ನೀವು ಮುಂದೆ ಹೋದಂತೆ ಅದು ಮುಂದಿನ ಕೊಂಬೆಗೆ ಹಾರುತ್ತದೆ, ಗಡಿ ಬಂದಮೇಲೆ ನಿಮ್ಮನ್ನು ಸುತ್ತುಹಾಕಿ ವಾಪಸ್ ಹೋಗುತ್ತದೆ. ಹಾಗಾಗಿ ಒಂದು ಸಲ ಕಂಡ ಕಡೆ ಮರದ ಮರೆಯಲ್ಲಿ ಅರ್ಧ ಗಂಟೆ ಕೂತುಬಿಡಿ. ನಿಮ್ಮ ಹೆಂಡತಿಯವರ ಮಂಡಿಗೂ ವಿಶ್ರಾಂತಿ. ಮತ್ತೆ ಅದೇ ಕೊಂಬೆಗೆ ಬರುವ ಸಾಧ್ಯತೆ ಜಾಸ್ತಿ.

ಬಂದು ಕೂತರೆ ಕೊಕ್ಕು ನೋಡಿ. ಪೂರ್ತಿ ಕಪ್ಪಿದ್ದರೆ ಗಂಡು, ಕೆಳಗಿನ ಅರ್ಧ ಕಿತ್ತಳೆ ಕೆಂಪಾಗಿದ್ದರೆ ಹೆಣ್ಣು. ಮೀನು ಹಿಡಿದು ತಂದರೆ ಇನ್ನೂ ಒಂದು ವಿಷಯ ನೋಡಿ. ಮೊದಲು ಅದನ್ನು ಕೊಂಬೆಗೆ ಪಟಪಟ ಬಡಿಯುತ್ತದೆ. ಆಮೇಲೆ ತಾನೇ ತಿನ್ನುವುದಾದರೆ ಮೀನಿನ ತಲೆಯನ್ನು ತನ್ನ ಗಂಟಲ ಕಡೆಗೆ ತಿರುಗಿಸಿಕೊಂಡು ನುಂಗುತ್ತದೆ, ಬಾಲದಿಂದ ನುಂಗಿದರೆ ರೆಕ್ಕೆ, ಹುರುಪೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮೀನಿನ ತಲೆ ಹೊರಕ್ಕೆ ಚಾಚಿದ್ದರೆ ಅದು ಇನ್ನೊಬ್ಬರಿಗೆ. ಮೇ, ಜೂನ್‌ನಲ್ಲಾದರೆ ಬಹಳ ಮಟ್ಟಿಗೆ ಮರಿಗೆ, ಕೆಲವು ಸಲ ಸಂಗಾತಿಗೆ. ಹಾಗೆ ಮೀನು ಹಿಡಿದ ಹಕ್ಕಿ ಒಂದೇ ಕಡೆಗೆ ಮತ್ತೆ ಮತ್ತೆ ಹಾರುತ್ತಿದ್ದರೆ ಅಲ್ಲೆಲ್ಲೋ ಮಣ್ಣಿನ ಗೋಡೆಯಲ್ಲಿ ಸುರಂಗದ ಗೂಡಿದೆ ಅಂತ ಅರ್ಥ. ಅಲ್ಲಿಂದ ದೂರ ಸರಿಯಿರಿ. ಗೂಡಿನ ಹತ್ತಿರ ಮಿಂಚುಳ್ಳಿಗೆ ತೊಂದರೆ ಕೊಡುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಕಾನೂನು ಇರಲಿ ಬಿಡಲಿ, ನೀವು ಎದುರಿಗೆ ನಿಂತಷ್ಟು ಹೊತ್ತು ಒಳಗಿನ ಮರಿಗಳು ಹಸಿದಿರುತ್ತವೆ.

ಮಿಂಚುಳ್ಳಿಗಿಂತ ನನಗೆ ಹೆಚ್ಚು ಕಾಳಜಿ ಇರುವುದು ವಾಟರ್ ವೋಲ್ ಬಗ್ಗೆ. ಇಲಿಯಷ್ಟೇ ಗಾತ್ರದ ಕಂದು ಪ್ರಾಣಿ, ನೀರಿನಂಚಿನ ಹುಲ್ಲು ತಿಂದು ಬದುಕುತ್ತದೆ. 1970ರ ದಶಕದಿಂದೀಚೆಗೆ ಬ್ರಿಟನ್ನಿನಲ್ಲಿ ಅದು ಹಿಂದೆ ಇದ್ದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜಾಗಗಳಿಂದ ಮಾಯವಾಗಿದೆ. ದಂಡೆಗಳು ಗಟ್ಟಿಯಾದದ್ದು ಒಂದು ಕಾರಣ. ತುಪ್ಪಳಕ್ಕಾಗಿ ಸಾಕಿದ್ದ ಅಮೆರಿಕದ ಮಿಂಕ್ ಅನ್ನುವ ಬೇಟೆ ಪ್ರಾಣಿ ತಪ್ಪಿಸಿಕೊಂಡು ಹೊಳೆಗಳಿಗೆ ಸೇರಿದ್ದು ಇನ್ನೊಂದು. ಹೆಣ್ಣು ಮಿಂಕ್ ಎಷ್ಟು ಸಪೂರ ಅಂದರೆ ವೋಲ್‌ನ ಬಿಲದೊಳಕ್ಕೇ ನುಗ್ಗುತ್ತದೆ, ಓಡಿಹೋಗಲು ಜಾಗವೇ ಉಳಿಯುವುದಿಲ್ಲ. ಫ್ರೀಮನ್ಸ್ ಮಾರ್ಷ್ ಸುತ್ತಮುತ್ತ ಇವು ಇನ್ನೂ ಉಳಿದಿರುವುದರಿಂದಲೇ ಆ ದಾರಿಯನ್ನು ನಿಮಗೆ ಮೊದಲು ಹೇಳಿದ್ದು.

ಹುಡುಕುವುದು ಹೇಗೆ? ನೀರಿನಂಚಿನಲ್ಲಿ ಹಸಿರು ಕಡ್ಡಿಗಳ ಸಣ್ಣ ರಾಶಿ ಬಿದ್ದಿದೆಯೇ ನೋಡಿ. ಒಂದೊಂದು ತುಂಡೂ ಬೆರಳುದ್ದ, ತುದಿ ಓರೆಯಾಗಿ, ಕುಡುಗೋಲಿನಿಂದ ಸವರಿದ ಹಾಗೆ ಕತ್ತರಿಸಿರುತ್ತದೆ. ಅದು ವೋಲ್ ಕೂತು ಊಟ ಮಾಡಿದ ಜಾಗ. ಅಲ್ಲಿ ಮಾತಾಡದೆ ಕಾಯಿರಿ. ಪುಳಕ್ ಅಂತ ನೀರಿಗೆ ಬಿದ್ದ ಸದ್ದು ಬಂದರೆ ಅದೇ. ಇಲಿಯೋ ವೋಲೋ ಅನ್ನುವ ಅನುಮಾನ ಬಂದರೆ ಮೂತಿ ನೋಡಿ. ಇಲಿಯದು ಚೂಪು, ಕಿವಿ ಎದ್ದು ಕಾಣುತ್ತದೆ, ಬಾಲ ಬೋಳು. ವೋಲ್‌ನ ಮುಖ ದುಂಡಗೆ, ಕಿವಿ ಕೂದಲಲ್ಲಿ ಮುಚ್ಚಿಹೋಗಿರುತ್ತದೆ, ಬಾಲ ಗಿಡ್ಡ, ಅದರ ಮೇಲೂ ಕೂದಲು. ಕೂತಾಗ ಮುಂಗಾಲಲ್ಲಿ ಕಡ್ಡಿ ಹಿಡಿದು ಕರಕರ ತಿನ್ನುವುದನ್ನು ಮೊಮ್ಮಗಳು ಒಂದು ಸಲ ನೋಡಿದರೆ ಮರೆಯುವುದಿಲ್ಲ.

ತಿಂಗಳು ತಿಂಗಳಿಗೂ ಕಾಲುವೆ ಬದಲಾಗುತ್ತದೆ, ನೀವು ಹೋಗುವ ಕಾಲ ಒಳ್ಳೆಯದೇ. ಮೇನಲ್ಲಿ ಬೆಳಗ್ಗೆ ಬೇಗ ಎದ್ದರೆ ಹಕ್ಕಿಗಳ ಹಾಡು ಜೋರು. ಜೊಂಡಿನೊಳಗೆ ಕೂತು ಒಂದೇ ಸಮ ಗೊಣಗುವುದು ರೀಡ್ ವಾರ್ಬ್ಲರ್, ಸಹಾರಾದ ಆಚೆಯಿಂದ ಬಂದಿರುವ ಪುಟ್ಟ ಹಕ್ಕಿ. ಅದೃಷ್ಟ ಇದ್ದರೆ ಕುಕ್ಕೂ ಕೂಗು ಕೇಳೀತು. ನಮ್ಮ ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುವಂತೆ ಅದು ಈ ವಾರ್ಬ್ಲರ್ ಗೂಡಿನಲ್ಲಿ ಇಡುತ್ತದೆ. ಮೇ ಮಧ್ಯದ ಹೊತ್ತಿಗೆ ಹಂಸದ ಮರಿಗಳು ಹೊರಬರುತ್ತವೆ, ತಾಯಿಯ ಬೆನ್ನೇರಿ ಸವಾರಿ ಮಾಡುತ್ತವೆ. ಹತ್ತಿರ ಹೋಗಬೇಡಿ, ತಂದೆ ಹಂಸ ರೆಕ್ಕೆ ಎತ್ತಿ ಬುಸ್ ಅಂದರೆ ತಮಾಷೆಯಲ್ಲ. ಕಪ್ಪು ನೀರುಕೋಳಿಗಳು ಎರಡು ಬಗೆ. ಹಣೆ ಬಿಳಿ ಇದ್ದರೆ ನಮ್ಮ ಕೆರೆಗಳ ನಾಮಗೋಳಿ, ಕೆಂಪಿದ್ದರೆ ಮೂರ್‌ಹೆನ್. ಲಾಕ್‌ನ ಒದ್ದೆ ಕಲ್ಲಿನ ಮೇಲೆ ಬಾಲ ಕುಣಿಸುವ ಹಳದಿ ಹೊಟ್ಟೆಯದು ಬೂದು ಸಿಪಿಲೆ, ಅದೇ ಜಾತಿ ಚಳಿಗಾಲದಲ್ಲಿ ನಮ್ಮ ಮಲೆನಾಡಿನ ತೊರೆಗಳಿಗೂ ಬರುತ್ತದೆ.

ಜೂನ್ ಬಂದರೆ ನೀರಂಚಿನಲ್ಲಿ ಹಳದಿ ಐರಿಸ್ ಹೂವು. ಅದರ ಮೇಲೆ, ರೆಕ್ಕೆಯಲ್ಲಿ ಕಡುನೀಲಿ ಮಚ್ಚೆ ಇರುವ ಸಣ್ಣ ಕೊಡತಿ ಕೀಟಗಳು ತೇಲಾಡುತ್ತವೆ. ಬ್ಯಾಂಡೆಡ್ ಡೆಮೊಯ್ಸೆಲ್ ಅಂತ ಹೆಸರು, ಗಂಡಿಗೆ ಮಾತ್ರ ಆ ಮಚ್ಚೆ. ಜುಲೈನಲ್ಲಿ ಹಕ್ಕಿಗಳು ತಣ್ಣಗಾಗುತ್ತವೆ. ಗಂಡು ಬಾತುಗಳು ಗರಿ ಉದುರಿಸಿಕೊಂಡು ಹೆಣ್ಣಿನಂತೆಯೇ ಕಂದಾಗುತ್ತವೆ, ಹಸಿರು ತಲೆಯ ಬಾತುಗಳೆಲ್ಲ ಎಲ್ಲಿ ಹೋದವು ಅಂತ ಗಾಬರಿ ಬೇಡ. ಆಗಸ್ಟ್‌ನಲ್ಲಿ ಬೇಲಿಯ ತುಂಬಾ ಬ್ಲಾಕ್‌ಬೆರಿ ಹಣ್ಣಾಗುತ್ತದೆ, ಕಿತ್ತು ತಿನ್ನಬಹುದು. ಆಳೆತ್ತರ ಬೆಳೆದ ಗುಲಾಬಿ ಹೂವಿನ ಗಿಡ ಕಂಡರೆ, ಮುಟ್ಟಿದ ಕೂಡಲೇ ಕಾಯಿ ಸಿಡಿದರೆ, ಅದು ನಮ್ಮ ಗೌರಿ ಹೂವಿನ ಬಳಗದ್ದು. 1839ರಲ್ಲಿ ಹಿಮಾಲಯದಿಂದ ತೋಟಕ್ಕೆಂದು ತಂದದ್ದು ಈಗ ದಂಡೆಗಳನ್ನೆಲ್ಲ ಆಕ್ರಮಿಸಿ ಅಲ್ಲಿನ ಗಿಡಗಳನ್ನು ಅಡಗಿಸುತ್ತಿದೆ. ಮೊಮ್ಮಗಳಿಗೆ ಕಾಯಿ ಸಿಡಿಸುವ ಆಟ ಕಲಿಸಬೇಡಿ, ಬೀಜ ನೀರಿಗೆ ಬಿದ್ದರೆ ಮುಂದಿನ ಊರಿಗೂ ಹೋಗುತ್ತದೆ.

ಒಂದು ಸಂಜೆಯನ್ನು ಬಾವಲಿಗೆ ಇಡಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ಹತ್ತಿರ. ಅದಾಗಿ ಮುಕ್ಕಾಲು ಗಂಟೆಗೆ ಡಾಬೆಂಟನ್ ಬಾವಲಿಗಳು ಬರುತ್ತವೆ. ಸೇತುವೆಯ ಮೇಲೆ ನಿಂತು ಟಾರ್ಚನ್ನು ಪಕ್ಕಕ್ಕೆ ಹಿಡಿದು ನೀರಿನ ಮೇಲ್ಮೈ ನೋಡಿ. ನೀರಿಗೆ ಒಂದು ಗೇಣು ಮೇಲೆ ಸುತ್ತುತ್ತಾ, ತೇಲುವ ಹುಳುಗಳನ್ನು ಕಾಲಿನಿಂದ ಎತ್ತಿಕೊಳ್ಳುತ್ತವೆ. ಬಾವಲಿಯ ಮೇಲೆ ನೇರ ಬೆಳಕು ಬಿಡಬೇಡಿ.

ನೀರುನಾಯಿಯೂ ಇದೆ. ಒಂದು ಕಾಲಕ್ಕೆ ಇಂಗ್ಲೆಂಡಿನ ಬಹುಪಾಲು ಹೊಳೆಗಳಿಂದ ಹೋಗಿಬಿಟ್ಟಿದ್ದದ್ದು ಈಗ ವಾಪಸ್ ಬಂದಿದೆ. ಹಗಲು ಕಾಣುವುದು ಅಪರೂಪ, ಸೇತುವೆ ಕೆಳಗಿನ ಕಲ್ಲಿನ ಮೇಲೆ ಮೀನಿನ ಮುಳ್ಳು, ಹುರುಪೆ ತುಂಬಿದ ಹಿಕ್ಕೆ ಕಂಡರೆ ಅಷ್ಟಕ್ಕೇ ಖುಷಿಪಡಿ.

ಜೋಪಾನದ ಮಾತು ಕೆಲವಿವೆ. ಮಳೆ ಬಂದ ಮಾರನೇ ದಿನ ನ್ಯೂಬರಿ–ಹಂಗರ್‌ಫರ್ಡ್ ಕಡೆಯ ಹುಲ್ಲು ದಾರಿ ಜಾರುತ್ತದೆ, ಹಿಡಿತ ಇರುವ ಶೂ ಬೇಕು, ಚಪ್ಪಲಿ ಬೇಡ. ಬಾತ್ ಕಡೆ ದಾರಿ ಚೆನ್ನಾಗಿದೆ, ಆದರೆ ಸೈಕಲ್ ಜಾಸ್ತಿ. ಗಂಟೆ ಕೇಳಿಸಿದರೆ ಗಾಬರಿಯಾಗಿ ನೀರಿನ ಬದಿಗೆ ಸರಿಯಬೇಡಿ, ಬೇಲಿ ಬದಿಗೆ ಸರಿಯಿರಿ. ದಾರಿಯುದ್ದಕ್ಕೂ ತುರಿಕೆ ಗಿಡ ಇದೆ, ಸೀರೆಗಿಂತ ಕಾಲು ಮುಚ್ಚುವ ಪ್ಯಾಂಟ್ ವಾಸಿ. ಶೌಚಾಲಯ ಬಹಳ ಕಡಿಮೆ, ಹೊರಡುವ ಮುನ್ನವೇ ಮುಗಿಸಿಕೊಳ್ಳಿ. ಚಪಾತಿ, ಪಲ್ಯ ಕಟ್ಟಿಕೊಂಡು ಹೋಗುವವರು ತಿನ್ನುವ ಮೊದಲು ಕೈ ತೊಳೆಯಬೇಕು, ನೀರು ಮುಟ್ಟಿದ್ದರಂತೂ ಕಡ್ಡಾಯ. ಇಲಿ ಜ್ವರದ ರೋಗಾಣು ಅಲ್ಲಿನ ನೀರಿನಲ್ಲೂ ಇರಬಹುದು. ಲಾಕ್ ಹತ್ತಿರ ಮಗುವಿನ ಕೈ ಬಿಡಬೇಡಿ. ಅದರ ಗೋಡೆ ನೇರ, ಪಾಚಿ ಕಟ್ಟಿರುತ್ತದೆ, ಬೇಸಿಗೆಯಲ್ಲೂ ನೀರು ಕೊರೆಯುತ್ತದೆ.

ಆದರೆ ಲಾಕ್ ಕೆಲಸ ಮಾಡುವುದನ್ನು ಆಕೆಗೆ ತೋರಿಸಲೇಬೇಕು. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚುತ್ತಾರೆ, ಹಿಡಿಕೆ ತಿರುಗಿಸಿ ತೂಬು ಎತ್ತುತ್ತಾರೆ, ಮೇಲಿನ ನೀರು ನುಗ್ಗಿ ದೋಣಿ ಮೆಲ್ಲಗೆ ಏಳುತ್ತದೆ. ಒಳಗೂ ಹೊರಗೂ ನೀರು ಸಮ ಆಗುವವರೆಗೆ ಎಷ್ಟು ಜನ ತಳ್ಳಿದರೂ ಬಾಗಿಲು ಜಗ್ಗುವುದಿಲ್ಲ, ಸಮ ಆದ ಕೂಡಲೇ ಒಬ್ಬರು ಬೆನ್ನು ಕೊಟ್ಟರೂ ತೆರೆದುಕೊಳ್ಳುತ್ತದೆ. ನೀವು ಮೇಷ್ಟ್ರು, ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಎಲ್ಲಿ ಸಿಗುತ್ತದೆ? ದೋಣಿಯವರನ್ನು ಕೇಳಿದರೆ ಮರದ ತೊಲೆ ತಳ್ಳಲು ಕೈ ಜೋಡಿಸಲು ಬಿಡುತ್ತಾರೆ.

ಬ್ರೆಡ್ ವಿಷಯ: ಒಂದು ಚೂರು ಹಾಕಿದರೆ ಬಾತು ಸಾಯುವುದಿಲ್ಲ. ಆದರೆ ನಿಂತ ನೀರಿಗೆ ಎಲ್ಲರೂ ಹಾಕಿದ ಬ್ರೆಡ್ ತಳದಲ್ಲಿ ಕೊಳೆತು ಪಾಚಿ ಹೆಚ್ಚಿಸುತ್ತದೆ, ಇಲಿಗಳನ್ನು ಕರೆಯುತ್ತದೆ. ಫ್ರೀಜರ್‌ನಲ್ಲಿಟ್ಟ ಬಟಾಣಿಯ ಮಂಜು ಕರಗಿಸಿ ಒಂದು ಡಬ್ಬಿಗೆ ಹಾಕಿಕೊಡಿ, ಇಲ್ಲವೇ ಓಟ್ಸ್. ಒಂದು ಹಿಡಿ ಸಾಕು. ಹಾಕಿದ್ದು ತಿನ್ನದೆ ಉಳಿಯಿತು ಅಂದರೆ ಅವುಗಳಿಗೆ ಹೊಟ್ಟೆ ತುಂಬಿದೆ, ಅಲ್ಲಿಗೆ ನಿಲ್ಲಿಸಲು ಹೇಳಿ.